ಮೇಷ್ಟ್ರಿಲ್ಲದೆ, ವಿಡಿಯೋ ನೋಡಿ ಪಿಯಾನೋ ಕಲಿತವರು ಹೇಳಿ

ತೀರ್ಥಹಳ್ಳಿಯಿಂದ ಪ್ರಶ್ನೆ:
ಮನೆಯಲ್ಲಿ 61 ಕೀಗಳ ಕೀಬೋರ್ಡ್ ಇದೆ. ಚಿಕ್ಕಂದಿನಲ್ಲಿ ಹಾರ್ಮೋನಿಯಂ ಕಲಿತಿದ್ದೆ. ಈಗ ಬೀಥೋವನ್‌ನ ‘ಫರ್ ಎಲಿಸ್’ ಕಲಿಯಬೇಕು ಅಂತ ಬಹಳ ಆಸೆ. ಇಲ್ಲಿ ಹೇಳಿಕೊಡುವವರು ಯಾರೂ ಸಿಗಲಿಲ್ಲ. ಬಣ್ಣದ ಪಟ್ಟಿಗಳು ಮೇಲಿಂದ ಕೀ ಮೇಲೆ ಬೀಳುತ್ತವಲ್ಲ, ಆ ಥರದ ವಿಡಿಯೋ ನೋಡಿ ನುಡಿಸುತ್ತಿದ್ದೇನೆ. ಮೊದಲ ಸಾಲು ಬರುತ್ತದೆ, ಆಮೇಲೆ ಕೈ ತಡವರಿಸುತ್ತದೆ. ಹೀಗೆ ಕಲಿತವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಶಿವಮೊಗ್ಗದಿಂದ:
ನಾನೂ ವಿಡಿಯೋ ನೋಡಿಯೇ ಕಲಿತವನು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ ಬೀಳುವ ಪಟ್ಟಿಗಳನ್ನು ಬಿಡಿ. ಯಾವ ಕೀ, ಯಾವಾಗ, ಎಷ್ಟು ಹೊತ್ತು, ಇಷ್ಟನ್ನೇ ಅವು ತೋರಿಸುತ್ತವೆ. ಯಾವ ಬೆರಳು ಅಂತ ಹೇಳುವುದಿಲ್ಲ. ಸಿಕ್ಕ ಬೆರಳಿನಲ್ಲಿ ಒತ್ತುತ್ತಾ ಹೋದರೆ ನಿಧಾನಕ್ಕೆ ನುಡಿಸುವಾಗ ಎಲ್ಲ ಸರಿಯಾಗೇ ಕೇಳುತ್ತದೆ, ಸ್ವಲ್ಪ ವೇಗ ಕೊಟ್ಟ ಕೂಡಲೇ ಮುಂದಿನ ಸ್ವರಕ್ಕೆ ಬೆರಳೇ ಉಳಿದಿರುವುದಿಲ್ಲ. ನೀವು ಸಿಕ್ಕಿಹಾಕಿಕೊಂಡಿರುವುದು ಅಲ್ಲೇ ಅಂತ ನನಗನಿಸುತ್ತದೆ. ಮೇಲಿನಿಂದ ಎರಡೂ ಕೈ ಕಾಣುವ ಹಾಗೆ ತೆಗೆದ, ಮೇಷ್ಟ್ರು ಮಾತಾಡುತ್ತಾ ತೋರಿಸುವ ವಿಡಿಯೋ ಹುಡುಕಿ. ಜೊತೆಗೆ ನೊಟೇಶನ್, ಅಂದರೆ ಸ್ವರಗಳನ್ನು ಬರೆದಿಟ್ಟ ಪ್ರತಿ, ಇರಲೇಬೇಕು. ಐಎಂಎಸ್‌ಎಲ್‌ಪಿ ಅನ್ನುವ ಜಾಲತಾಣದಲ್ಲಿ ಬಾಖ್, ಬೀಥೋವನ್ ಎಲ್ಲ ಪುಕ್ಕಟೆ ಸಿಗುತ್ತದೆ. ಸ್ವರಗಳ ಪಕ್ಕ 1ರಿಂದ 5ರವರೆಗೆ ಸಣ್ಣ ಅಂಕಿ ಹಾಕಿರುವ ಪ್ರತಿಯನ್ನೇ ಆರಿಸಿ. ಹೆಬ್ಬೆರಳು 1, ಕಿರುಬೆರಳು 5, ಎರಡೂ ಕೈಗೂ ಹಾಗೇ.

ಇನ್ನು ಹಾರ್ಮೋನಿಯಂ ವಿಷಯ. ನಿಮ್ಮ ಬಲಗೈ ಬೇಗ ಪಳಗುತ್ತದೆ. ಎಡಗೈ ಆಗ ಗಾಳಿ ಹಾಕಿಕೊಂಡೇ ಇತ್ತು ಅಲ್ವಾ, ಅದಕ್ಕೆ ಎಲ್ಲ ಹೊಸದು. ಹಾರ್ಮೋನಿಯಂನಲ್ಲಿ ನಾದ ಏರುವುದು ಇಳಿಯುವುದು ಗಾಳಿಯಿಂದ, ಪಿಯಾನೋದಲ್ಲಿ ಕೀಯನ್ನು ಎಷ್ಟು ವೇಗವಾಗಿ ಒತ್ತಿದಿರಿ ಅನ್ನುವುದರಿಂದ. ನಿಮ್ಮ ಕೀಬೋರ್ಡಿನಲ್ಲಿ, ಒತ್ತುವ ವೇಗಕ್ಕೆ ತಕ್ಕ ಹಾಗೆ ನಾದ ಏರಿಳಿಸುವ ಟಚ್ ರೆಸ್ಪಾನ್ಸ್ ಇದ್ದರೆ ಆನ್ ಮಾಡಿಕೊಂಡೇ ನುಡಿಸಿ.

ಎಡಗೈಗೆ ಅಭ್ಯಾಸವಾಗಲು ನಾನು ಹೇಳುವುದು ಬಾಖ್‌ನ ಸಿ ಮೇಜರ್ ಪ್ರೆಲ್ಯೂಡ್. 1722ರ ‘ವೆಲ್ ಟೆಂಪರ್ಡ್ ಕ್ಲೇವಿಯರ್’ ಸಂಗ್ರಹದ ಮೊದಲ ಭಾಗದ ಮೊದಲ ರಚನೆ, ಬಿಡಬ್ಲ್ಯುವಿ 846 (ಬಾಖ್ ಕೃತಿಗಳ ಪಟ್ಟಿಯ ಸಂಖ್ಯೆ) ಅಂತ ಹುಡುಕಿದರೆ ಸಿಗುತ್ತದೆ. ಒಟ್ಟು 35 ಬಾರ್ (ನೊಟೇಶನ್‌ನಲ್ಲಿ ಗೆರೆ ಎಳೆದು ಬೇರ್ಪಡಿಸಿದ ತಾಳದ ಒಂದೊಂದು ಆವರ್ತ). ನಿಮ್ಮ 61 ಕೀ ಧಾರಾಳ ಸಾಕು.

ಕೊನೆಯ ಮೂರು ಬಾರ್ ಬಿಟ್ಟರೆ ಒಂದೊಂದು ಬಾರ್‌ಗೂ ಐದೇ ಸ್ವರ. ಮೊದಲನೆಯದು ಸಿ ಇ ಜಿ ಸಿ ಇ, ನಮ್ಮ ಲೆಕ್ಕದಲ್ಲಿ ಸ ಗ ಪ ಸ ಗ. ಮೊದಲ ಎರಡು ಎಡಗೈಗೆ, ಉಳಿದ ಮೂರು ಬಲಗೈಗೆ. ನುಡಿಸುವಾಗ ಎಡಗೈ ಸಿ ಇ, ಆಮೇಲೆ ಬಲಗೈ ಜಿ ಸಿ ಇ, ಮತ್ತೆ ಜಿ ಸಿ ಇ. ಹೀಗೆ ಎಂಟು ಸ್ವರ, ಬಾರ್‌ನಲ್ಲಿ ಎರಡು ಸಲ. ಆದರೆ ಬಿಡಿಸಿ ನುಡಿಸುವ ಮುಂಚೆ ಐದನ್ನೂ ಒಟ್ಟಿಗೇ ಒತ್ತಿ ಹಿಡಿಯಿರಿ. ಆಮೇಲೆ ಎರಡನೇ ಬಾರ್‌ಗೆ ಹೋಗಿ. ಎಡಗೈಯ ಸಿ ಕದಲುವುದಿಲ್ಲ, ಇ ಪಕ್ಕದ ಡಿಗೆ ಇಳಿಯುತ್ತದೆ, ಬಲಗೈಯ ಮೂರೂ ಸ್ವರ ಒಂದೊಂದು ಬಿಳಿ ಕೀ ಮೇಲೆ ಸರಿಯುತ್ತವೆ. ಮೂರನೆಯದರಲ್ಲಿ ಸಿ ಒಂದು ಕೀ ಇಳಿದು ಬಿ ಆಗುತ್ತದೆ, ಬಲಗೈಯ ಎ ವಾಪಸ್ ಜಿಗೆ ಬರುತ್ತದೆ, ಉಳಿದ ಮೂರು ಇದ್ದಲ್ಲೇ. ನಾಲ್ಕನೆಯದು ಮತ್ತೆ ಮೊದಲಿನದೇ. ಇಷ್ಟು ಕೈಗೆ ಬಂದ ದಿನ ವಿಡಿಯೋ ಇಲ್ಲದೇ ನುಡಿಸಬಹುದು, ಯಾಕೆಂದರೆ ಯಾವ ಬೆರಳು ಸರಿಯಿತು, ಯಾವುದು ನಿಂತಿತು ಅನ್ನುವುದೇ ನೆನಪಾಗಿ ಕೂತಿರುತ್ತದೆ.

ಒಂದು ಎಚ್ಚರಿಕೆ. 22ನೇ ಬಾರ್ ಆದಮೇಲೆ ಕೆಲವು ಹಳೆಯ ಪ್ರತಿಗಳಲ್ಲಿ ಒಂದು ಬಾರ್ ಜಾಸ್ತಿ ಇದೆ. ಅದು ಬಾಖ್ ಬರೆದದ್ದಲ್ಲ, ಆಮೇಲೆ ಸೇರಿದ್ದು. ಫ್ರೆಂಚ್ ಸಂಗೀತಗಾರ ಗೂನೋ ಇದೇ ಪ್ರೆಲ್ಯೂಡ್ ಮೇಲೆ ಕಟ್ಟಿದ ‘ಆವೆ ಮರಿಯಾ’ದಲ್ಲೂ ಅದು ಉಳಿದಿದೆ. ವಿಡಿಯೋಗೂ ನೊಟೇಶನ್‌ಗೂ ಅಲ್ಲಿ ತಾಳೆಯಾಗದಿದ್ದರೆ ಗಾಬರಿ ಬೇಡ.

ಸಾಗರದಿಂದ:
ಮೇಲಿನವರು ಹೇಳಿದ್ದೆಲ್ಲ ಒಪ್ಪುತ್ತೇನೆ, ಆದರೆ ಫರ್ ಎಲಿಸ್ ಪೂರ್ತಿ ಮುಂದಕ್ಕೆ ಹಾಕಬೇಡಿ. ಆಸೆಪಟ್ಟದ್ದನ್ನು ದಿನಾ ಸ್ವಲ್ಪ ಮುಟ್ಟದಿದ್ದರೆ ಕೀಬೋರ್ಡ್ ಮೇಲೆ ಬಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ಇರುತ್ತದೆ. ಮೊದಲ ಭಾಗದಲ್ಲಿ ಎರಡು ಕೈ ಹೆಚ್ಚಾಗಿ ಸರದಿಯಲ್ಲೇ ಬರುತ್ತವೆ. ಎಡಗೈ ಎ ಇ ಎ ಅಂತ ಏರಿ ನಿಲ್ಲುತ್ತದೆ, ಬಲಗೈ ಸಿ ಇ ಎ ಅಂತ ಮುಂದುವರಿಸುತ್ತದೆ. ಅದೇ ಭಾಗ ನಡುನಡುವೆ ವಾಪಸ್ ಬರುತ್ತದೆ, ಹಾಗಾಗಿ ಅದೊಂದು ಬಂದರೂ ದೊಡ್ಡ ಪಾಲು ಬಂದಂತೆ. ಕೊನೆಯ ಕಡೆ ಮೇಲಕ್ಕೆ ಏರುವ ಓಟ ಮಾತ್ರ 61 ಕೀಯ ಬಲತುದಿ ದಾಟಿ ಹೋಗುತ್ತದೆ, ಅದನ್ನು ಸದ್ಯಕ್ಕೆ ಬಿಡಿ.

ವಿಡಿಯೋ ವೇಗವನ್ನು ಸೆಟ್ಟಿಂಗ್‌ನಲ್ಲಿ 0.5ಕ್ಕೆ ಇಳಿಸಿ. ಶ್ರುತಿ ಬದಲಾಗುವುದಿಲ್ಲ, ಜೊತೆಗೇ ನುಡಿಸಬಹುದು. ಎರಡೆರಡು ಬಾರ್ ಹಿಡಿದು ತಿದ್ದಿ, ಇಡೀ ವಿಡಿಯೋ ಓಡಿಸಬೇಡಿ.

ಮಳೆಗಾಲದ ವಿಷಯ ಯಾರೂ ಹೇಳಲಿಲ್ಲ. ಜೂನ್‌ಗೆ ಮುಂಚೆಯೇ ಬೇಕಾದ ವಿಡಿಯೋಗಳನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ, ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವ ಊರು ನಮ್ಮದು. ಗುಡುಗು ಶುರುವಾದರೆ ಅಡಾಪ್ಟರ್ ಕಿತ್ತಿಡಿ. ಬ್ಯಾಟರಿ ಹಾಕುವ ಕೀಬೋರ್ಡ್ ಆದರೆ ಒಂದು ಸೆಟ್ ಮನೆಯಲ್ಲಿರಲಿ. ಹೆಂಚಿನ ಮೇಲೆ ಮಳೆ ಸುರಿಯುವಾಗ ಮೆಲ್ಲನೆಯ ಸ್ವರ ಏನೂ ಕೇಳುವುದಿಲ್ಲ, ಹೆಡ್‌ಫೋನ್ ಬೇಕೇ ಬೇಕು. ಶೀತಕ್ಕೆ ಕೀಗಳ ಕೆಳಗಿನ ಸಂಪರ್ಕ ಕೆಟ್ಟು ಕೆಲವು ಸ್ವರ ಹೊರಡದೇ ಹೋಗಬಹುದು. ಗೋಡೆಗೆ ಒರಗಿಸಿ ಇಡಬೇಡಿ, ನುಡಿಸದಾಗ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ತೀರ್ಥಹಳ್ಳಿಯಿಂದ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬೆರಳಿನ ಅಂಕಿ ಇರುವ ನೊಟೇಶನ್ ಇಳಿಸಿಕೊಂಡೆ. ಕಾಲಲ್ಲಿ ಒತ್ತಿ ನಾದ ಹಿಡಿದಿಡುವ ಪೆಡಲ್ ಈಗಲೇ ಕೊಳ್ಳಬೇಕಾ?

ಶಿವಮೊಗ್ಗದಿಂದ:
ಈಗಲೇ ಬೇಡ. ಪ್ರೆಲ್ಯೂಡ್‌ನಲ್ಲಿ ಎಡಗೈಯ ಎರಡು ಬೆರಳನ್ನು ಅರ್ಧ ಬಾರ್ ಮುಗಿಯುವವರೆಗೆ ಎತ್ತದೇ ಹಿಡಿದರೆ ನಾದ ತಾನಾಗೇ ಮುಂದುವರಿಯುತ್ತದೆ. ಬಾಖ್ ಕಾಲದ, ಪಿಯಾನೋಗೂ ಹಿಂದಿನ ಕೀ ವಾದ್ಯವಾದ ಹಾರ್ಪ್ಸಿಕಾರ್ಡ್‌ಗೆ ಈ ಪೆಡಲ್ ಇರಲೇ ಇಲ್ಲ. ಫರ್ ಎಲಿಸ್‌ಗೆ ಬೇಕಾಗುತ್ತದೆ, ಆಗ ಕೊಳ್ಳಿ. ಕೀಬೋರ್ಡಿನ ಹಿಂದೆ ಸಸ್ಟೇನ್ ಅಂತ ಬರೆದ ತೂತು ಇದೆಯಾ ಅಂತ ಮಾತ್ರ ಇವತ್ತೇ ನೋಡಿಟ್ಟುಕೊಳ್ಳಿ.