ಅನ್ನದ ಜೊತೆ ಉಣ್ಣುವುದಕ್ಕೆಲ್ಲ ಸೇರಿ ಒಂದೇ ಕನ್ನಡ ಪದ ಯಾವುದು? (ಫಿಲಿಪಿನೋ ‘ಊಲಮ್’)

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ದುಬೈಯ ಕರಾಮಾದಲ್ಲಿ ಒಂದು ಫಿಲಿಪಿನೋ ಕುಟುಂಬ ನಡೆಸುವ ಚಿಕ್ಕ ಹೋಟೆಲಿದೆ. ಇಲ್ಲಿನ ಕನ್ನಡ ಕೂಟದ ಸಂಚಿಕೆಗೆ ಅದರ ಬಗ್ಗೆ ಬರೆಯುತ್ತಿದ್ದೇನೆ. ತಾಯಿ ಅಡುಗೆ ಮಾಡುತ್ತಾರೆ, ಮಗಳು ಬಡಿಸುತ್ತಾಳೆ, ಅಳಿಯ ಗಲ್ಲೆಯಲ್ಲಿ ಕೂರುತ್ತಾನೆ. ಬಂದವರೆಲ್ಲ ಮಗಳನ್ನು ‘ಆತೆ’ ಅಂತ ಕರೆಯುತ್ತಾರೆ, ಅಂದರೆ ಅಕ್ಕ. ಅಳಿಯ ಎಲ್ಲರಿಗೂ ‘ಕುಯಾ’, ಅಣ್ಣ. ಮೆನು ಕಾರ್ಡ್ ಇಲ್ಲ. ಗಾಜಿನ ಹಿಂದೆ ಸ್ಟೀಲ್ ಟ್ರೇಗಳಲ್ಲಿ ಆ ದಿನದ ಅಡುಗೆ ಇಟ್ಟಿರುತ್ತಾರೆ, ನಾವು ಬೇಕಾದ್ದಕ್ಕೆ ಬೆರಳು ತೋರಿಸಬೇಕು. ಇಂಥ ಹೋಟೆಲಿಗೆ ಅವರ ಭಾಷೆಯಲ್ಲಿ ‘ತುರೋ-ತುರೋ’ ಅಂತಲೇ ಹೆಸರು, ತೋರಿಸು-ತೋರಿಸು ಅಂತ.

ಗೋಡೆಯ ಬೋರ್ಡಿನಲ್ಲಿ ‘ಒಂದು ಊಲಮ್, ಅನ್ನ’ಕ್ಕೆ ಒಂದು ಬೆಲೆ, ‘ಎರಡು ಊಲಮ್, ಅನ್ನ’ಕ್ಕೆ ಇನ್ನೊಂದು. ಈ ಊಲಮ್‌ಗೆ ಕನ್ನಡದಲ್ಲಿ ಏನು ಬರೆಯಲಿ?

ಅವರ ಭಾಷೆಯಾದ ಟಗಾಲೋಗ್‌ನಲ್ಲಿ ಅನ್ನದ ಜೊತೆ ಉಣ್ಣುವುದು ಏನೇ ಇದ್ದರೂ ಅದು ಊಲಮ್. ಸೋಯಾ ಸಾಸ್, ವಿನೆಗರ್, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಬೇಯಿಸಿದ ಕೋಳಿ ಅಡೋಬೋ ಊಲಮ್. ಬರೀ ಕರಿದ ಮೀನೂ ಊಲಮ್. ಸಿಗಡಿ, ಮೂಲಂಗಿ, ಬೆಂಡೆಕಾಯಿಗೆ ಹುಣಸೆಹುಳಿ ಹಿಂಡಿ ಕುದಿಸಿದ ಸಿನಿಗಾಂಗ್ (ಬೇಳೆ ಇಲ್ಲ ಅನ್ನೋದು ಬಿಟ್ಟರೆ ನಮ್ಮ ಹುಳಿಗೆ ಎಷ್ಟು ಹತ್ತಿರ!) ಅದೂ ಊಲಮ್. ತೆಳು, ಗಟ್ಟಿ, ಒಣ ಅನ್ನುವ ಭೇದವೇ ಇಲ್ಲ. ಮಲಯ ಭಾಷೆಯಲ್ಲೂ ಈ ಪದ ಇದೆ, ಆದರೆ ಅಲ್ಲಿ ಅನ್ನದ ಜೊತೆ ತಿನ್ನುವ ಹಸಿ ಸೊಪ್ಪು, ತರಕಾರಿಗೆ ಮಾತ್ರ.

ಅನ್ನದ ಮಾತಿಗೆ ಬಂದರೆ ಅವರಿಗೂ ನಮಗೂ ಚೆನ್ನಾಗಿ ತಾಳೆಯಾಗುತ್ತದೆ. ಭತ್ತ ‘ಪಲಾಯ್’, ಅಕ್ಕಿ ‘ಬಿಗಾಸ್’, ಅನ್ನ ‘ಕಾನಿನ್’. ಕಾನಿನ್ ಹುಟ್ಟಿದ್ದು ‘ಕಾಯಿನ್’ ಅನ್ನುವ ಪದದಿಂದ, ಅಂದರೆ ತಿನ್ನು. ನಮ್ಮ ‘ಅನ್ನ’ವೂ ತಿನ್ನು ಅನ್ನುವ ಅರ್ಥದ ಸಂಸ್ಕೃತ ಧಾತುವಿನಿಂದಲೇ ಬಂದದ್ದು ಅಲ್ವಾ? ಇಷ್ಟೆಲ್ಲ ಹೊಂದುವಾಗ ಊಲಮ್ ಒಂದಕ್ಕೆ ಕನ್ನಡ ಪದ ಸಿಗದಿದ್ದರೆ ಹೇಗೆ ಅನಿಸುತ್ತದೆ.

ಮೈಸೂರು, ಮಂಡ್ಯ ಕಡೆ ‘ಊಟ ಆಯ್ತಾ? ಏನ್ ಸಾರು?’ ಅಂತ ಕೇಳುತ್ತಾರೆ. ‘ಅನೋಂಗ್ ಊಲಮ್?’ ಅಂತ ಅವರು ಕೇಳುವುದೂ ಅದೇ ಪ್ರಶ್ನೆಯೇ. ಆದರೆ ಬರವಣಿಗೆಯಲ್ಲಿ ಕರಿದ ಮೀನನ್ನು ಸಾರು ಅಂದರೆ ಯಾರು ಒಪ್ಪುತ್ತಾರೆ? ‘ವ್ಯಂಜನ’ ಅರ್ಥಕ್ಕೆ ಸರಿ, ಆದರೆ ಊಟದ ಮನೆಯಲ್ಲಿ ಆ ಮಾತು ಆಡುವವರು ಕಡಿಮೆ, ಓದಿದ ಕೂಡಲೇ ಕ ಖ ಗ ಘ ನೆನಪಾಗುತ್ತದೆ. ಗೆಳೆಯರೊಬ್ಬರು ‘ನಂಚಿಕೊಳ್ಳೋದು’ ಅಂತ ಬರಿ ಅಂದರು. ಅದು ಆಗುವುದಿಲ್ಲ. ಉಪ್ಪಿನಕಾಯಿ, ಚಟ್ನಿ ನಂಚಿಕೊಳ್ಳುತ್ತೇವೆ, ಸಾರನ್ನು ಕಲಸಿಕೊಳ್ಳುತ್ತೇವೆ. ಆ ಹೋಟೆಲಿನ ಮೇಜಿನ ಮೇಲೂ ಪುಟ್ಟ ಬಟ್ಟಲಿನಲ್ಲಿ ವಿನೆಗರ್, ಮೆಣಸಿನಕಾಯಿ, ಮೀನಿನ ಸಾಸ್, ಕಲಮಾನ್ಸಿ ಅನ್ನುವ ಗೋಲಿ ಗಾತ್ರದ ನಿಂಬೆ ಇಟ್ಟಿರುತ್ತಾರೆ. ಅವನ್ನು ನಮಗೆ ಬೇಕಾದ ಹಾಗೆ ಬೆರೆಸಿಕೊಂಡು ಮೀನಿನ ತುಂಡು ಅದ್ದಿ ತಿನ್ನಬೇಕು. ಅದಕ್ಕೆ ‘ಸಾವ್ಸಾವನ್’ ಅಂತ ಬೇರೆ ಪದವೇ ಇದೆ. ನಂಚಿಕೊಳ್ಳೋದು ಅದಕ್ಕೆ ಸಲ್ಲಬೇಕು.

ಕರಾವಳಿಯವರ ‘ಪದಾರ್ಥ’ ಹತ್ತಿರ ಬರುತ್ತದೆ. ‘ಇವತ್ತು ಏನು ಪದಾರ್ಥ?’ ಅಂದರೆ ಅನ್ನಕ್ಕೆ ಏನು ಮಾಡಿದ್ದೀರಿ ಅಂತಲೇ. ತುಳುವಿನ ‘ಕಜಿಪು’ ಕೂಡ ಹಾಗೇ. ಆದರೆ ಘಟ್ಟದ ಮೇಲಿನವರಿಗೆ ಪದಾರ್ಥ ಅಂದರೆ ಬರೀ ವಸ್ತು.

ನನಗೆ ಇಷ್ಟವಾಗಿರುವುದು ‘ಮೇಲೋಗರ’. ಓಗರ ಅಂದರೆ ಅನ್ನ, ಅದರ ಮೇಲೆ ಬಡಿಸುವುದು ಮೇಲೋಗರ. ಇದಕ್ಕಿಂತ ಸರಿಯಾದ ಪದ ನನಗಂತೂ ಕಾಣುತ್ತಿಲ್ಲ. ತೊಂದರೆ ಏನೆಂದರೆ ಈಗ ಹೆಚ್ಚಿನವರಿಗೆ ಇದು ಗೊತ್ತಿರುವುದು ‘ಕಲಸುಮೇಲೋಗರ’ದ ಮೂಲಕ, ಅದೂ ಅಸ್ತವ್ಯಸ್ತ ಅನ್ನುವ ಅರ್ಥದಲ್ಲಿ. ‘ಎರಡು ಮೇಲೋಗರ, ಅನ್ನ’ ಅಂತ ಬರೆದರೆ ನಿಮಗೆ ಹೇಗೆ ಕೇಳಿಸುತ್ತದೆ? ನಿಮ್ಮ ಮನೆಗಳಲ್ಲಿ ಇದನ್ನು ಈಗಲೂ ಅಡುಗೆಯ ಪದವಾಗಿ ಆಡುತ್ತೀರಾ? ಆಡುವುದಾದರೆ ಒಣ ಪಲ್ಯಕ್ಕೂ ಸಲ್ಲುತ್ತದಾ, ಬರೀ ರಸ ಇರುವುದಕ್ಕಾ?

ಧಾರವಾಡ, ಕಲಬುರಗಿ ಕಡೆಯವರು ರೊಟ್ಟಿಗೆ ಹಚ್ಚಿಕೊಳ್ಳುವ ಎಲ್ಲದಕ್ಕೂ ಸೇರಿ ಏನನ್ನುತ್ತೀರಿ ಅಂತಲೂ ದಯವಿಟ್ಟು ಬರೆಯಿರಿ. ಸಂಚಿಕೆಯ ಕರಡು ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ತಿಳಿಸಿದರೆ ತುಂಬಾ ಉಪಕಾರ.