ನಮ್ಮ ಕೆರೆಗಳಿಗೆ ಒಗ್ಗುವ ರೇಡಿಯೊ ನಿಯಂತ್ರಿತ ದೋಣಿ: ಮೊದಲು ಹಾಯಿಯೋ, ಮೋಟಾರೋ?

ಪ್ರಶ್ನೆ: ಗಿರಿಸಾಲು (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ರೇಡಿಯೊ ನಿಯಂತ್ರಿತ ಮಾದರಿ ದೋಣಿಯೊಂದನ್ನು ಸಿದ್ಧರೂಪದಲ್ಲಿ ಕೊಳ್ಳದೆ ಮನೆಯಲ್ಲೇ ಕಟ್ಟಬೇಕೆಂದು ನಿಶ್ಚಯಿಸಿದ್ದೇನೆ. ಮರಗೆಲಸ ತಕ್ಕಮಟ್ಟಿಗೆ ಬರುತ್ತದೆ, ಸೋಲ್ಡರಿಂಗ್ ಕೂಡ ಬರುತ್ತದೆ, 2.4 ಗಿಗಾಹರ್ಟ್ಸ್‌ನ ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ಕೈಯಲ್ಲಿವೆ. ನನ್ನ ಮನಸ್ಸಿರುವುದು ಸುಮಾರು ಒಂದು ಮೀಟರ್ ಉದ್ದದ, ಇಂಟರ್‌ನ್ಯಾಷನಲ್ ಒನ್ ಮೀಟರ್ ಎಂಬ ಸ್ಪರ್ಧಾ ವರ್ಗದ ಹಾಯಿದೋಣಿಯ ಮೇಲೆ. ಗಾಳಿಯೊಂದರಿಂದಲೇ ಸಾಗುವ, ಚುಕ್ಕಾಣಿಗೆ ಒಂದು ಮತ್ತು ಹಾಯಿಯ ಹಗ್ಗಕ್ಕೆ ಒಂದು ಎಂದು ಎರಡೇ ಚಾನೆಲ್‌ಗಳಲ್ಲಿ ನಡೆಯುವ ಆ ದೋಣಿಯ ಸರಳತೆ ನನಗೆ ಬಹಳ ಹಿಡಿಸಿದೆ.

ಆದರೆ ಆ ವರ್ಗದ ದೋಣಿಗಳ ನಕ್ಷೆಗಳನ್ನು ಬರೆದವರ ನೀರು ಬೇರೆ, ನಮ್ಮ ನೀರು ಬೇರೆ. ನನಗೆ ಹತ್ತಿರವಿರುವುದು ಹಿರೇಕೊಳಲೆ ಕೆರೆ. ಸ್ವಲ್ಪ ದೂರ ಹೋಗುವುದಾದರೆ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ. ಇಲ್ಲಿ ಹಾಯಿದೋಣಿ ನಡೆದೀತೇ, ಅಥವಾ ಮೊದಲ ದೋಣಿಗೆ ಮೋಟಾರೇ ಲೇಸೇ? ಹಲಗೆಗಳಿಗೆ ನಮ್ಮ ಕಾಫಿ ತೋಟಗಳ ಸಿಲ್ವರ್ ಓಕ್ ಸಾಕೇ, ಬಾಲ್ಸಾ ಎಂಬ ಹಗುರ ಮರವನ್ನು ತರಿಸಲೇಬೇಕೇ? ಮಳೆಗಾಲದಲ್ಲಿ ಕಟ್ಟಿ ಮುಗಿಸಿ ಹಿಂಗಾರಿನ ಹೊತ್ತಿಗೆ ನೀರಿಗಿಳಿಸುವ ಯೋಚನೆಯಿದೆ. ತಿಳಿದವರು ವಿವರವಾಗಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಏರಿಗಾಳಿ (ಹಾಸನ)

ನಕ್ಷೆಗೆ ಕೈ ಹಾಕುವ ಮೊದಲು ಕೆರೆಗೆ ಹೋಗಿ, ದಡದಲ್ಲೇ ನಿಂತು, ಗುರುತು ಹಾಕಿದ ಗಳುವಿನಿಂದ ನೀರಿನ ಆಳವನ್ನು ಅಳೆದು ಬನ್ನಿ ಎಂಬುದು ನನ್ನ ಮೊದಲ ಸಲಹೆ. ಒನ್ ಮೀಟರ್ ವರ್ಗದ ನಿಯಮದಂತೆ ದೋಣಿಯ ಒಟ್ಟು ತೂಕ 4 ಕಿಲೋಗಿಂತ ಕಡಿಮೆ ಇರಬಾರದು; ಅದರಲ್ಲಿ ಕೀಲ್ (ದೋಣಿಯ ತಳದಿಂದ ನೀರಿನೊಳಕ್ಕೆ ಇಳಿದಿರುವ ರೆಕ್ಕೆಯಂಥ ಭಾಗ) ಮತ್ತು ಅದರ ತುದಿಯ ಸೀಸದ ಗುಂಡು ಸೇರಿ 2.2ರಿಂದ 2.5 ಕಿಲೋ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ತೂಕ ನೀರಿನಡಿಯಲ್ಲಿ ತೂಗುವುದರಿಂದಲೇ ಗಾಳಿ ಎಷ್ಟು ಬಾಗಿಸಿದರೂ ದೋಣಿ ಮತ್ತೆ ನೆಟ್ಟಗಾಗುತ್ತದೆ. ಆದರೆ ಆ ಗುಂಡು ನೀರಿನ ಮಟ್ಟದಿಂದ 42 ಸೆಂಟಿಮೀಟರ್‌ವರೆಗೆ ಕೆಳಗಿರುತ್ತದೆಯಾದ್ದರಿಂದ ಅದಕ್ಕಿಂತ ಒಂದು ಗೇಣಾದರೂ ಹೆಚ್ಚು ಆಳ ಬೇಕು. ನಮ್ಮ ಕೆರೆಗಳೆಲ್ಲ ಏರಿಯ ಬುಡದಲ್ಲಿ ಆಳ, ನೀರು ಬಂದು ಸೇರುವ ಕಡೆ ಬರೀ ಮೊಣಕಾಲುದ್ದ. ಆ ಬದಿಯ ಕೆರೆಯಂಗಳದಲ್ಲಿ ಜೊಂಡು, ತಾವರೆಯ ದಂಟು, ಅಂತರಗಂಗೆ ಎಲ್ಲವೂ ಇರುತ್ತವೆ. ನೆಟ್ಟಗೆ ಇಳಿದಿರುವ ಕೀಲ್‌ಗೆ ಒಂದು ಎಳೆ ಸುತ್ತಿಕೊಂಡರೂ ದೋಣಿಯ ವೇಗ ಕುಂದುತ್ತದೆ. ಆದ್ದರಿಂದ ಹಾಯಿದೋಣಿಯನ್ನು ಏರಿಯ ಕಡೆಯಿಂದಲೇ ಇಳಿಸಬೇಕು, ಅಲ್ಲಿಯೂ ಕಲ್ಲುಕಟ್ಟಡಕ್ಕೆ ತಾಗದಂತೆ ಮೆಟ್ಟಿಲುಗಳಿರುವ ಜಾಗವನ್ನು ಆರಿಸಿಕೊಳ್ಳಬೇಕು.

ಗಾಳಿಯ ಮಾತು ಇನ್ನೂ ಮುಖ್ಯ. ಅಯ್ಯನಕೆರೆ ಬಾಬಾಬುಡನ್‌ಗಿರಿ ಸಾಲಿನ ಮೂಡಣ ತಪ್ಪಲಿನಲ್ಲಿದೆ. ಆರಿದ್ರಾದಿಂದ ಮಘಾವರೆಗಿನ ಮಳೆಗಳಲ್ಲಿ ಪಡುವಣ ಗಾಳಿ ಗುಡ್ಡ ದಾಟಿ ಇಳಿಯುವಾಗ ಒಂದೇ ಸಮನೆ ಬೀಸುವುದಿಲ್ಲ; ಒಮ್ಮೆ ಸತ್ತಂತಾಗಿ, ಮರುಕ್ಷಣವೇ ಬಿರುಸಾಗಿ ಬಂದು ಬಡಿಯುತ್ತದೆ. ಒನ್ ಮೀಟರ್ ದೋಣಿಗೆ ದೊಡ್ಡದು, ನಡುವಿನದು, ಚಿಕ್ಕದು ಎಂದು ಮೂರು ಜೊತೆ ಹಾಯಿಗಳನ್ನು ಇಟ್ಟುಕೊಂಡು ಗಾಳಿ ನೋಡಿ ಬದಲಾಯಿಸುವ ಪದ್ಧತಿಯಿರುವುದು ಇಂಥ ದಿನಗಳಿಗಾಗಿಯೇ. ಹಿಂಗಾರು ಮುಗಿದ ಮೇಲಿನ ಮೂಡಣ ಗಾಳಿ ಬಯಲು ಸೀಮೆಯ ಕಡೆಯಿಂದ ಬರುವುದರಿಂದ ಹೆಚ್ಚು ಸಮನಾಗಿರುತ್ತದೆ. ಕಲಿಯುವವರಿಗೆ ಆ ಕಾಲವೇ ಒಳ್ಳೆಯದು. ನಮ್ಮ ಹಾಸನದ ಕಡೆ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಬಳಿಯ ಹೇಮಾವತಿ ಹಿನ್ನೀರಿನಲ್ಲಿ ತಡೆಯಿಲ್ಲದ ಗಾಳಿ ಸಿಗುತ್ತದೆಯಾದರೂ ನೀರು ಇಳಿದಂತೆಲ್ಲ ದಡ ದೂರ ಸರಿದು ಕೆಸರೇ ಉಳಿಯುತ್ತದೆ.

ಇನ್ನೆರಡು ಮಾತು. ಕೆರೆ ಕೋಡಿ ಬಿದ್ದಿರುವಾಗ ಕೋಡಿಯ ಹತ್ತಿರವಾಗಲಿ, ನೀರು ಬಿಟ್ಟಿರುವಾಗ ತೂಬಿನ ಹತ್ತಿರವಾಗಲಿ ದೋಣಿಯನ್ನು ಸುಳಿಯಗೊಡಬೇಡಿ. ದೋಣಿ ನಡುನೀರಿನಲ್ಲಿ ನಿಂತುಹೋದರೆ ಅದನ್ನು ತರಲು ಯಾರೂ ನೀರಿಗಿಳಿಯಬಾರದು. ಹೂಳು ಮತ್ತು ಮಣ್ಣು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ, ಈಜು ಬಲ್ಲವರೂ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಮೀನು ಸಾಕಣೆಗೆ ಕೆರೆಯನ್ನು ಗುತ್ತಿಗೆ ಪಡೆದವರಿದ್ದರೆ ಅವರನ್ನೂ, ಊರಿನ ಪಂಚಾಯಿತಿಯವರನ್ನೂ ಮೊದಲೇ ಕೇಳಿಕೊಳ್ಳಿ. ಬಲೆ ಬಿಟ್ಟಿರುವ ಜಾಗವನ್ನು ಅವರೇ ತೋರಿಸುತ್ತಾರೆ.

ಉತ್ತರ: ಹೆಬ್ಬಲಸು (ಮೂಡಿಗೆರೆ)

ಮರದ ಬಗ್ಗೆ ನಾನು ಹೇಳುತ್ತೇನೆ. ದೋಣಿ ಎಷ್ಟು ತೂಕ ಹೊರುತ್ತದೆಂಬುದನ್ನು ಮೊದಲು ಲೆಕ್ಕ ಹಾಕಿಕೊಂಡರೆ ಯಾವ ಮರವೆಂಬ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ. ನೀರಿನಲ್ಲಿ ಮುಳುಗುವ ಭಾಗ 90 ಸೆಂಟಿಮೀಟರ್ ಉದ್ದ, 16 ಅಗಲ, 5 ಆಳ ಎಂದಿಟ್ಟುಕೊಳ್ಳಿ. ದೋಣಿಯ ಮೈ ಎರಡೂ ತುದಿಗೆ ಚೂಪಾಗುವುದರಿಂದ ಆ ಪೆಟ್ಟಿಗೆಯ ಸುಮಾರು ಅರ್ಧದಷ್ಟನ್ನು ಮಾತ್ರ ತುಂಬುತ್ತದೆ. ಅಂದರೆ 3600 ಘನ ಸೆಂಟಿಮೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ, ದೋಣಿ 3.6 ಕಿಲೋ ಹೊರುತ್ತದೆ. ಸೀಸ, ಬ್ಯಾಟರಿ, ಸರ್ವೊಗಳಿಗೆ (ಚುಕ್ಕಾಣಿ ಮತ್ತು ಹಗ್ಗವನ್ನು ಆಡಿಸುವ ಪುಟ್ಟ ಮೋಟಾರುಗಳಿಗೆ) ಹೋಗಿ ಉಳಿಯುವುದು ಬಹಳ ಕಡಿಮೆ. 3 ಮಿಲಿಮೀಟರ್ ದಪ್ಪದ ಸಿಲ್ವರ್ ಓಕ್ ಪಟ್ಟಿಗಳಿಂದ ಹೊರಮೈ ಮುಚ್ಚಿದರೆ ಅದೊಂದೇ ಅರ್ಧ ಕಿಲೋ ಮೀರುತ್ತದೆ. ಬಾಲ್ಸಾದಲ್ಲಿ ಅದೇ ಕೆಲಸ ನೂರೈವತ್ತು ಗ್ರಾಂ ಆಸುಪಾಸಿನಲ್ಲಿ ಮುಗಿಯುತ್ತದೆ. ಹಾಯಿದೋಣಿಗೆ ಆ ವ್ಯತ್ಯಾಸ ದೊಡ್ಡದು, ಏಕೆಂದರೆ ಮೇಲೆ ಉಳಿಸಿದ ಪ್ರತಿ ಗ್ರಾಮನ್ನೂ ಕೆಳಗೆ ಸೀಸವಾಗಿ ಹಾಕಬಹುದು. ಮೋಟಾರಿನ ಟಗ್ (ಬೇರೆ ಹಡಗುಗಳನ್ನು ಎಳೆಯುವ ದೋಣಿಯ ಮಾದರಿ) ಆದರೆ ಹೇಗಿದ್ದರೂ ತೂಕ ತುಂಬಲೇಬೇಕಾಗುತ್ತದೆ. ಅದಕ್ಕೆ ಸಿಲ್ವರ್ ಓಕ್ ಚೆನ್ನಾಗಿ ಹೊಂದುತ್ತದೆ. ಅಡ್ಡಚೌಕಟ್ಟುಗಳಿಗೆ ಎರಡರಲ್ಲೂ ಒಳ್ಳೆಯ ಪ್ಲೈವುಡ್ಡೇ ಸರಿ.

ತಾವು ಮಳೆಗಾಲದಲ್ಲಿ ಕಟ್ಟುವ ಯೋಚನೆ ಮಾಡಿರುವುದರಿಂದ ಎಪಾಕ್ಸಿಯ (ಹಾರ್ಡನರ್ ಬೆರೆಸಿದಾಗ ಗಟ್ಟಿಯಾಗುವ ರಾಳದ) ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಮಲೆನಾಡಿನ ತೇವದ ಗಾಳಿಯಲ್ಲಿ ಎಪಾಕ್ಸಿ ಗಟ್ಟಿಯಾಗುವಾಗ ಅದರ ಹಾರ್ಡನರ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಮೇಲ್ಮೈಯಲ್ಲಿ ಮೇಣದಂಥ ಜಿಗುಟು ಪದರವನ್ನು ಕಟ್ಟುತ್ತದೆ. ಅದರ ಮೇಲೆಯೇ ಎರಡನೆಯ ಲೇಪ ಅಥವಾ ಬಣ್ಣ ಹಚ್ಚಿದರೆ ಕೆಲವು ತಿಂಗಳಲ್ಲಿ ಸಿಪ್ಪೆಯಂತೆ ಎದ್ದು ಬರುತ್ತದೆ. ಈ ಪದರ ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಮೊದಲು ನೀರು ಮತ್ತು ಒರಟು ಬಟ್ಟೆಯಿಂದ ತೊಳೆದು, ಒಣಗಿಸಿ, ಅನಂತರವೇ ಉಪ್ಪುಕಾಗದ ಹಾಕಬೇಕು. ತೊಳೆಯದೆ ಉಜ್ಜಿದರೆ ಅದು ಇನ್ನಷ್ಟು ಒಳಕ್ಕೆ ಇಳಿಯುತ್ತದೆ. ಸಾಧ್ಯವಿದ್ದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಬಿಸಿಯಾಗುವ ಹಳೆಯ ಬಗೆಯ ತಂತಿ ಬಲ್ಬೊಂದನ್ನು ಉರಿಸಿ ಬೆಚ್ಚಗಿಟ್ಟು ಕೆಲಸ ಮಾಡಿ. ರಾಳ ಮತ್ತು ಹಾರ್ಡನರ್‌ಗಳನ್ನು ಅಂದಾಜಿನಲ್ಲಿ ಸುರಿಯದೆ, ಡಬ್ಬಿಯ ಮೇಲೆ ಹೇಳಿರುವಂತೆ ತೂಗಿಯೇ ಬೆರೆಸಬೇಕು. ಥರ್ಮಕೋಲ್ ಅಚ್ಚಿನ ಮೇಲೆ ಫೈಬರ್ ಬಟ್ಟೆ ಹಾಸಿ ಕಟ್ಟುವ ವಿಧಾನ ಹಿಡಿದರೂ ಎಪಾಕ್ಸಿಯೇ ಬೇಕು. ಪಾಲಿಯೆಸ್ಟರ್ ರಾಳ ಥರ್ಮಕೋಲನ್ನು ಕರಗಿಸಿಬಿಡುತ್ತದೆ. ಸೀಸವನ್ನು ಮನೆಯಲ್ಲಿ ಕಾಯಿಸಿ ಎರಕ ಹೊಯ್ಯುವುದಂತೂ ಬೇಡವೇ ಬೇಡ, ಆ ಹೊಗೆ ಮಕ್ಕಳಿರುವ ಮನೆಗೆ ವಿಷ. ಸೀಸದ ಚಿಕ್ಕ ಗುಂಡುಗಳನ್ನು ಕೈಗವಸು ಹಾಕಿಕೊಂಡು ಎಪಾಕ್ಸಿಯಲ್ಲಿ ಕಲಸಿ ಅಚ್ಚಿಗೆ ತುಂಬಿದರೆ ಕೆಲಸ ಆಗುತ್ತದೆ.

ಉತ್ತರ: ಬೆಳ್ಳಿಚುಕ್ಕಿ (ಬೇಲೂರು)

ಮೇಲಿನ ಇಬ್ಬರ ಮಾತಿಗೂ ನನ್ನ ಸಹಮತವಿದೆ. ಆದರೂ ಮೊದಲ ದೋಣಿ ಮೋಟಾರಿನದೇ ಆಗಲಿ ಎಂದು ನಾನು ಒತ್ತಿ ಹೇಳುತ್ತೇನೆ. ಗಾಳಿ ನಿಂತರೆ ಹಾಯಿದೋಣಿ ಇದ್ದಲ್ಲೇ ಇರುತ್ತದೆ. ಆಗ ಅದನ್ನು ದಡಕ್ಕೆ ತರಲು ಟಗ್ ಒಂದಿದ್ದರೆ ನೀರಿಗಿಳಿಯುವ ಪ್ರಶ್ನೆಯೇ ಬಾರದು.

12 ಮೀಟರ್ ಉದ್ದದ ನಿಜವಾದ ಟಗ್ಗನ್ನು ಇಪ್ಪತ್ತರಲ್ಲೊಂದು ಅಳತೆಗೆ ಇಳಿಸಿದರೆ 60 ಸೆಂಟಿಮೀಟರ್ ಆಗುತ್ತದೆ. ಉದ್ದ ಇಪ್ಪತ್ತು ಪಾಲು ಕುಗ್ಗಿದಾಗ ತೂಕ ಇಪ್ಪತ್ತರ ಘನದಷ್ಟು, ಅಂದರೆ 8000 ಪಾಲು ಕುಗ್ಗುತ್ತದೆ. 46 ಟನ್ನಿನ ಹಡಗು ಆರು ಕಿಲೋ ಒಳಗಿನ ಮಾದರಿಯಾಗುತ್ತದೆ. ವೇಗ ಮಾತ್ರ ವರ್ಗಮೂಲದ ಲೆಕ್ಕದಲ್ಲಿ ಕುಗ್ಗುತ್ತದೆ. ಎಂಜಿನಿಯರ್ ವಿಲಿಯಂ ಫ್ರೌಡ್ 1870ರ ದಶಕದಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ನೀರಿನ ತೊಟ್ಟಿ ಕಟ್ಟಿಸಿ ಮಾದರಿಗಳನ್ನು ಎಳೆದು ಪರೀಕ್ಷಿಸಿದ್ದು ಇದೇ ಸಂಬಂಧವನ್ನು ಆಧರಿಸಿ. ಗಂಟೆಗೆ 18 ಕಿಲೋಮೀಟರ್ ಸಾಗುವ ಟಗ್‌ನ ಮಾದರಿ ಗಂಟೆಗೆ 4 ಕಿಲೋಮೀಟರ್, ಅಂದರೆ ನಾವು ನಡೆಯುವ ವೇಗದಲ್ಲಿ ಸಾಗಿದರೆ ಅದೆಬ್ಬಿಸುವ ಅಲೆಗಳೂ ನಿಜವಾದ ಹಡಗಿನವುಗಳಂತೆಯೇ ಕಾಣುತ್ತವೆ. ಆದ್ದರಿಂದ ಹೆಚ್ಚು ಸುತ್ತುವ ಮೋಟಾರಿಗೆ ಆಸೆಪಡದೆ, ನಿಧಾನವಾಗಿ ತಿರುಗಿ ದೊಡ್ಡ ಪ್ರೊಪೆಲರನ್ನು ಸುತ್ತಿಸಬಲ್ಲ ಮೋಟಾರನ್ನೇ ಆರಿಸಿ. ಯುಪಿಎಸ್‌ಗಳಲ್ಲಿ ಬಳಸುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಎರಡು ಕಿಲೋ ಸುಮಾರು ತೂಗುತ್ತದೆ. ಟಗ್‌ನಲ್ಲಿ ಅದೇ ಬ್ಯಾಟರಿಯೂ ಹೌದು, ಸಮತೋಲನದ ಭಾರವೂ ಹೌದು.

ರೇಡಿಯೊದ ವಿಷಯ. 2.4 ಗಿಗಾಹರ್ಟ್ಸ್ ಅಲೆಗಳು ನೀರಿನೊಳಗೆ ಬಹುತೇಕ ಸಾಗುವುದಿಲ್ಲ. ರಿಸೀವರ್‌ನ ಆಂಟೆನಾ ನೀರಿನ ಮಟ್ಟಕ್ಕೆ ಸಮನಾಗಿದ್ದರೆ ದೂರ ಹೋದಾಗ ಸಂಪರ್ಕ ಕಡಿಯುತ್ತದೆ. ಅದನ್ನು ಡೆಕ್‌ನ ಕೆಳಮೈಗೆ ಒತ್ತಿ, ಸಾಧ್ಯವಾದಷ್ಟು ಎತ್ತರದಲ್ಲಿ, ಕಾರ್ಬನ್ ಫೈಬರ್ ಮತ್ತು ಬ್ಯಾಟರಿಯಿಂದ ದೂರ ಇಡಿ. ಕೈಯಲ್ಲಿರುವ ಟ್ರಾನ್ಸ್‌ಮಿಟರ್ ಆಂಟೆನಾದ ತುದಿಯನ್ನು ದೋಣಿಯ ಕಡೆಗೆ ನೇರ ಚಾಚಬಾರದು, ಏಕೆಂದರೆ ತುದಿಯ ದಿಕ್ಕಿನಲ್ಲೇ ಸಂಕೇತ ಅತಿ ದುರ್ಬಲವಾಗಿರುತ್ತದೆ. ಸಂಪರ್ಕ ಕಡಿದಾಗ ಮೋಟಾರ್ ತಾನಾಗಿ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿ, ನೀರಿಗಿಳಿಸುವ ಮೊದಲು ಟ್ರಾನ್ಸ್‌ಮಿಟರ್ ಆಫ್ ಮಾಡಿ ಪರೀಕ್ಷಿಸಿ. ಪ್ರೊಪೆಲರ್ ದಂಡದ ಕೊಳವೆಯಲ್ಲಿ ಗ್ರೀಸ್ ತುಂಬಿರಲಿ. ದೋಣಿಯೊಳಕ್ಕೆ ನೀರು ನುಗ್ಗುವ ಮುಖ್ಯ ದಾರಿ ಅದು. ಆದರೆ ಹಿರೇಕೊಳಲೆಯ ನೀರು ಕುಡಿಯಲೂ ಬಳಕೆಯಾಗುವುದರಿಂದ ಗ್ರೀಸ್ ಹೊರಕ್ಕೆ ಒಸರುವಷ್ಟು ತುರುಕಬೇಡಿ.

ಮರುಮಾತು: ಗಿರಿಸಾಲು (ಚಿಕ್ಕಮಗಳೂರು)

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಸಿಲ್ವರ್ ಓಕ್‌ನಲ್ಲಿ ಟಗ್ ಮೊದಲು, ಬಾಲ್ಸಾದ ಹಾಯಿದೋಣಿ ಅನಂತರ ಎಂದು ತೀರ್ಮಾನಿಸಿದ್ದೇನೆ. ಬೇಲೂರಿನವರಲ್ಲಿ ಒಂದೇ ಪ್ರಶ್ನೆ: ನಡುನೀರಿನಲ್ಲಿ ನಿಂತ ಹಾಯಿದೋಣಿಗೆ ದಡದಿಂದಲೇ ಹಗ್ಗ ತೊಡಿಸುವುದು ಹೇಗೆ?

ಉತ್ತರ: ಬೆಳ್ಳಿಚುಕ್ಕಿ (ಬೇಲೂರು)

ಪಾಲಿಪ್ರೊಪಿಲೀನ್ ಹುರಿ ನೀರಿನ ಮೇಲೆ ತೇಲುತ್ತದೆ, ನೈಲಾನ್ ಮುಳುಗುತ್ತದೆ. ಆದ್ದರಿಂದ ಮೊದಲನೆಯದನ್ನೇ ಬಳಸಿ, ತುದಿಗೆ ಬೆಂಡಿನ ತುಂಡೊಂದನ್ನು ಕಟ್ಟಿ, ಟಗ್‌ನ ಹಿಂದೆ ಉದ್ದಕ್ಕೆ ಬಿಡಿ. ನಿಂತ ದೋಣಿಯನ್ನು ಟಗ್ ದೊಡ್ಡದಾಗಿ ಸುತ್ತು ಹಾಕಿದರೆ ಹುರಿ ಅದರ ಮೈಯನ್ನು ಬಳಸಿ ಚುಕ್ಕಾಣಿಗೋ ಕೀಲ್‌ಗೋ ತೊಡರಿಕೊಳ್ಳುತ್ತದೆ. ಟಗ್ ಹಿಂದಕ್ಕೆ ಸರಿಯುವಂತೆ ಎಂದೂ ಮಾಡಬೇಡಿ, ಹುರಿ ಪ್ರೊಪೆಲರ್‌ಗೆ ಸುತ್ತಿಕೊಳ್ಳುತ್ತದೆ. ಹುರಿ ಕಟ್ಟುವ ಕೊಕ್ಕೆಯನ್ನು ಟಗ್‌ನ ಹಿಂತುದಿಯಲ್ಲಿ ಹಾಕದೆ, ನಿಜವಾದ ಟಗ್‌ಗಳಲ್ಲಿರುವಂತೆ ನಡುಭಾಗದಿಂದ ತುಸು ಹಿಂದಕ್ಕೆ ಹಾಕಿ. ಹಿಂತುದಿಯಲ್ಲಿದ್ದರೆ ಭಾರ ಬಾಲವನ್ನು ಹಿಡಿದಿಡುವುದರಿಂದ ಚುಕ್ಕಾಣಿ ಎಷ್ಟು ತಿರುಗಿಸಿದರೂ ಟಗ್ ದಡದ ಕಡೆಗೆ ತಿರುಗುವುದಿಲ್ಲ.