ಕಾರ್ಖಾನೆ ಕುಂಟುತ್ತಿರುವ ಊರಿನಲ್ಲಿ ಅಪ್ಪನ ನಿವೇಶನವನ್ನು ಬಿಲ್ಡರ್‌ಗೆ ಕೊಡಬಹುದೇ?

ಪ್ರಶ್ನೆ – ಭದ್ರಾವತಿಯ ಮಗಳು

ನಮ್ಮ ಅಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ನಿವೃತ್ತಿಯ ಹಣದಲ್ಲಿ ಜನ್ನಾಪುರದಲ್ಲಿ ಕೊಂಡ 40×60 ನಿವೇಶನ ಬಿಟ್ಟರೆ ಬೇರೆ ಆಸ್ತಿ ಇಲ್ಲ. ಅದರಲ್ಲಿ ಎರಡು ತೆಂಗಿನ ಮರಗಳಿವೆ, ನಾವು ಅದೇ ಬಡಾವಣೆಯಲ್ಲಿ ಬಾಡಿಗೆಗೆ ಇದ್ದೇವೆ.

ಊರಿನ ಸ್ಥಿತಿ ನಿಮಗೆ ಗೊತ್ತಿರಬಹುದು. ಕಾಗದ ಕಾರ್ಖಾನೆ 2015ರಲ್ಲಿ ನಿಂತಿತು. 1923ರಲ್ಲಿ ಶುರುವಾದ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ಆಗಸ್ಟ್‌ನಲ್ಲಿ ಕಾರ್ಖಾನೆಯ ಬಾರ್ ಮಿಲ್ (ಉಕ್ಕಿನ ಸರಳು ಮಾಡುವ ವಿಭಾಗ) ಮತ್ತೆ ತಿರುಗಿದ ದಿನ ಅಪ್ಪ ಮಕ್ಕಳಂತೆ ಅತ್ತರು. ಆದರೂ ನಮ್ಮ ಬೀದಿಯಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಫಲಕ ಹಾಕಿರುವ ಐದು ಮನೆಗಳನ್ನು ನಾನು ದಿನಾ ಶಾಲೆಗೆ ಹೋಗುವಾಗ ನೋಡುತ್ತೇನೆ.

ಈಗ ಒಬ್ಬ ಬಿಲ್ಡರ್ ಬಂದಿದ್ದಾರೆ. ನಾಲ್ಕು ಅಂತಸ್ತು, ಎಂಟು ಫ್ಲ್ಯಾಟ್, ನಮಗೆ ನಾಲ್ಕು, ಅವರಿಗೆ ನಾಲ್ಕು. ನಮ್ಮ ಕೈಯಿಂದ ಒಂದು ರೂಪಾಯಿಯೂ ಹಾಕಬೇಕಿಲ್ಲವಂತೆ. ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಬಂದಿದೆ, ವ್ಯಾಪಾರ ಬಿದ್ದಾಗಲೇ ಕಟ್ಟಬೇಕು, ಊರು ಏಳುವ ಹೊತ್ತಿಗೆ ಫ್ಲ್ಯಾಟ್ ಸಿದ್ಧವಿರುತ್ತದೆ ಎನ್ನುತ್ತಾರೆ. ಅಪ್ಪ ಸಹಿ ಹಾಕಲು ತುದಿಗಾಲಲ್ಲಿ ನಿಂತಿದ್ದಾರೆ. ‘ನಾವೇ ಕಟ್ಟದಿದ್ದರೆ ಊರಿನ ಮೇಲೆ ಬೇರೆಯವರಿಗೆ ನಂಬಿಕೆ ಎಲ್ಲಿಂದ ಬರಬೇಕು’ ಎಂದು ನನ್ನನ್ನೇ ಕೇಳುತ್ತಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಇಂಥದ್ದನ್ನು ಕಂಡು ಉಂಡವರು ದಯವಿಟ್ಟು ಹೇಳಿ.

ಉತ್ತರ 1 – ಪತ್ರ ಬರಹಗಾರ, ದಾವಣಗೆರೆ

ಮೇಡಂ, ಕಾಗದದ ಮಾತಷ್ಟೇ ಹೇಳುತ್ತೇನೆ. ನಿಮ್ಮ ನಿವೇಶನ 2,400 ಚದರ ಅಡಿ, ಅಂದರೆ ಸುಮಾರು 223 ಚದರ ಮೀಟರ್. 500 ಚದರ ಮೀಟರ್ ಮೀರದ ಜಾಗದ ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಬೇಕಿಲ್ಲ. ದೊಡ್ಡ ಯೋಜನೆಗಳಲ್ಲಿ ಖರೀದಿದಾರರ ಹಣದ ಶೇ. 70 ಭಾಗವನ್ನು ಪ್ರತ್ಯೇಕ ಖಾತೆಯಲ್ಲಿಡುವ ಕಟ್ಟುಪಾಡು ಇದೆ. ಇಲ್ಲಿ ಆ ರಕ್ಷಣೆ ಸಿಗುವುದಿಲ್ಲ, ಒಪ್ಪಂದದಲ್ಲಿ ನೀವು ಬರೆಸಿಕೊಂಡದ್ದೇ ನಿಮ್ಮ ಆಸರೆ.

ಜಂಟಿ ಅಭಿವೃದ್ಧಿ ಒಪ್ಪಂದದ ಜೊತೆಗೆ ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಕೇಳುತ್ತಾರೆ. ಅದರಲ್ಲಿ ಜಾಗವನ್ನು ಅಡವಿಡುವ ಅಧಿಕಾರ ಇರಲೇಬಾರದು. ನಿಮ್ಮ ನಾಲ್ಕು ಮನೆಗಳನ್ನು ಬಿಟ್ಟುಕೊಟ್ಟ ಮೇಲೆಯೇ ಅವರ ಪಾಲನ್ನು ಮಾರಬಹುದು ಎಂದು ಬರೆಸಿ. ಅದಕ್ಕೆ ಒಪ್ಪದಿದ್ದರೆ ಅವರು ಕಟ್ಟಲು ಹೊರಟಿರುವುದು ಯಾರ ದುಡ್ಡಿನಲ್ಲಿ ಎಂಬುದು ನಿಮಗೇ ತಿಳಿಯುತ್ತದೆ.

ಉತ್ತರ 2 – ಹೊಸಪೇಟೆ ಮೇಸ್ತ್ರಿ

ತಾಯಿ, ನಾನು ನಲವತ್ತು ವರ್ಷ ಗಾರೆ ಕೆಲಸ, ಆಮೇಲೆ ಗುತ್ತಿಗೆ ಮಾಡಿದವನು. ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ.

2009, 2010ರಲ್ಲಿ ನಮ್ಮ ಸಂಡೂರು ರಸ್ತೆ ದಾಟಬೇಕಾದರೆ ಅದಿರಿನ ಲಾರಿಗಳ ಸಾಲು ಮುಗಿಯುವವರೆಗೆ ಕಾಯಬೇಕಿತ್ತು. ಕಟ್ಟಿದ್ದೆಲ್ಲ ತುಂಬುತ್ತಿತ್ತು. ಚಾಲಕರಿಗೆ ಕೊಠಡಿ, ತೂಕದ ಕಾಟಾದ ಗುಮಾಸ್ತರಿಗೆ ಮನೆ, ಸಾಗಣೆ ಕಂಪನಿಗಳಿಗೆ ಕಚೇರಿ. ಹೊಲವನ್ನು ಅದಿರು ಸುರಿಯಲು ಬಾಡಿಗೆಗೆ ಕೊಟ್ಟ ರೈತರು ಆ ದುಡ್ಡಿನಲ್ಲಿ ನಿವೇಶನ ಕೊಂಡರು. ನಾನು ಒಂದೇ ಹೊತ್ತಿಗೆ ಏಳು ಕಟ್ಟಡಗಳನ್ನು ಹಿಡಿದಿದ್ದೆ.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಗ ನಾನು ಒಬ್ಬರ ಮೂರಂತಸ್ತಿನ ವಸತಿಗೃಹದ ಎರಡನೆಯ ಮೋಲ್ಡ್‌ಗೆ, ಅಂದರೆ ಕಾಂಕ್ರೀಟ್ ತಾರಸಿಗೆ, ತಯಾರಿ ಮಾಡಿದ್ದೆ. ಕಾಂಕ್ರೀಟ್‌ಗೆ ಅಚ್ಚಾಗುವ ಸೆಂಟ್ರಿಂಗ್ ಬಡಿದಾಗಿತ್ತು, ಕಂಬಿ ಕಟ್ಟಿಯಾಗಿತ್ತು, ಕಾಂಕ್ರೀಟ್ ಹಾಕುವುದಷ್ಟೇ ಬಾಕಿ. ಮಾಲೀಕರು ಫೋನ್ ಮಾಡಿ ‘ಎರಡು ದಿನ ತಡೆಯಿರಿ’ ಎಂದರು. ಅವರಿಗೆ ಲಾರಿಗಳ ಬಾಡಿಗೆಯಿಂದ ಬರುತ್ತಿದ್ದ ಹಣ ನಿಂತಿತ್ತು, ಲಾರಿಗಳ ಸಾಲದ ಕಂತು ನಿಂತಿರಲಿಲ್ಲ. ಎರಡು ದಿನ ನಾಲ್ಕು ತಿಂಗಳಾಯಿತು. ಸೆಂಟ್ರಿಂಗ್ ಶೀಟಿಗೆ, ಜಾಕಿಗೆ ಬಾಡಿಗೆ ದಿನದ ಲೆಕ್ಕ, ತಾಯಿ. ಕೆಲಸ ನಿಂತರೂ ಅದು ಓಡುತ್ತಲೇ ಇರುತ್ತದೆ. ಮಳೆಗಾಲವಿಡೀ ನೆನೆದ ಕಂಬಿಯ ಮೇಲೆ ಕೈಯಾಡಿಸಿದರೆ ತುಕ್ಕು ಹೊಪ್ಪಳಿಕೆಯಾಗಿ ಉದುರುತ್ತಿತ್ತು, ಕೆಳಗೆ ಶೀಟಿನ ಮೇಲೆ ಕಂಬಿ ಕಟ್ಟಿದ ಚೌಕಗಳ ಅಚ್ಚು ಕೆಂಪಗೆ ಮೂಡಿತ್ತು. ಎಂಜಿನಿಯರ್ ಬಂದು ನೋಡಿ ಅದನ್ನು ತೆಗೆಸಿದರು. ರಾಯಚೂರು, ಕೊಪ್ಪಳದಿಂದ ಬಂದಿದ್ದ ನನ್ನ ಆಳುಗಳು ಅಷ್ಟರಲ್ಲಿ ಬೆಂಗಳೂರಿನ ಬಸ್ ಹತ್ತಿದ್ದರು.

2013ರ ಏಪ್ರಿಲ್‌ನಲ್ಲಿ ಕೋರ್ಟ್ ಷರತ್ತು ಹಾಕಿ ಗಣಿಗಳಿಗೆ ದಾರಿ ಬಿಟ್ಟಿತು. ಆದರೆ ಆಗ ಬಳ್ಳಾರಿ ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿ ಇತ್ತು. ಹಳೆಯ ಲಾರಿಗಳ ಸಾಲು ಮತ್ತೆ ಬರಲಿಲ್ಲ. ಆ ವಸತಿಗೃಹದ ಪಿಲ್ಲರ್‌ಗಳ ತಲೆಯ ಮೇಲಿನ ಕಂಬಿ ಇವತ್ತಿಗೂ ಆಕಾಶ ನೋಡುತ್ತಿದೆ. 2021ರಲ್ಲಿ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು, ಕಚೇರಿಗಳು ಬಂದವು, ಬಾಡಿಗೆ ಚೇತರಿಸಿತು. ಹತ್ತು ವರ್ಷ ತಾಳಿದವರಿಗೆ ಅದರ ಫಲ ಸಿಕ್ಕಿತು. ನಿಮ್ಮ ಅಪ್ಪನ ವಯಸ್ಸಿಗೆ ಆ ಹತ್ತು ವರ್ಷ ಎಲ್ಲಿಂದ ತರುತ್ತೀರಿ?

ಬಿಲ್ಡರ್ ಹೇಳುವ ‘ಬಿದ್ದಾಗಲೇ ಕಟ್ಟಬೇಕು’ ಎಂಬ ಮಾತನ್ನು ಸ್ವಲ್ಪ ಒರೆಗೆ ಹಚ್ಚಿ. ಭದ್ರಾವತಿಯಲ್ಲಿ ಕೆಲಸ ಹೋಯಿತೆಂದು ಸಿಮೆಂಟ್ ಕಂಪನಿ ಚೀಲದ ಬೆಲೆ ಇಳಿಸುವುದಿಲ್ಲ. ಕಂಬಿಯ ಬೆಲೆಯೂ ದೇಶದ ಮಾರುಕಟ್ಟೆಯದ್ದೇ. ಊರು ಸೊರಗಿದಾಗ ಇಳಿಯುವುದು ಬಾಡಿಗೆ. ಖರ್ಚು ಬೆಂಗಳೂರಿನದು, ಬಾಡಿಗೆ ಭದ್ರಾವತಿಯದು. ನಿವೇಶನದ ದರವಾದರೂ ಇಳಿಯುತ್ತದೆಯೇ ಎಂದರೆ, ಬಾಯಲ್ಲಿ ಹೇಳುವ ದರ ಹಾಗೆಯೇ ಇರುತ್ತದೆ, ಕೊಳ್ಳುವವರು ಮಾತ್ರ ಇರುವುದಿಲ್ಲ. ಅದಕ್ಕೇ ಅವರು ನಿಮ್ಮ ಜಾಗ ಕೊಳ್ಳುತ್ತಿಲ್ಲ, ಪಾಲಿಗೆ ಕೇಳುತ್ತಿದ್ದಾರೆ.

ಮುಂಗಡ ಕೊಟ್ಟ ಖರೀದಿದಾರರು ಎಷ್ಟು ಜನ ಎಂದು ಕೇಳಿ. ಬಿಲ್ಡರ್ ಈ ಮೊದಲು ಮುಗಿಸಿ ಬೀಗದ ಕೈ ಕೊಟ್ಟ ಮನೆಗಳಿಗೆ ಹೋಗಿ, ಅಲ್ಲಿನ ಹೆಂಗಸರನ್ನು ಮಾತಾಡಿಸಿ. ನೀರು ಏರುತ್ತದೆಯೇ, ಗೋಡೆ ಬೆವರುತ್ತದೆಯೇ ಎಂದು ಅವರೇ ಹೇಳುತ್ತಾರೆ.

ಉತ್ತರ 3 – ಕಾಗದನಗರದವನು

ವಿಮಾನ ನಿಲ್ದಾಣದ ಮಾತು ಬಂದಿದ್ದಕ್ಕೆ ಒಂದು ಅನುಭವ. ನನಗೆ ಇದೇ ಊರಿನಲ್ಲಿ ಮೂರು ಬಾಡಿಗೆ ಮನೆಗಳಿವೆ. ಈಗ ಬರುವ ಬಾಡಿಗೆದಾರರು ಶಿವಮೊಗ್ಗಕ್ಕೆ ದಿನಾ ಓಡಾಡುವ ನರ್ಸ್‌ಗಳು, ಅಂಗಡಿ ಕೆಲಸದವರು, ಶಿಕ್ಷಕರು. ಎರಡು ಕೋಣೆ, ಬಸ್ ಹತ್ತಿರ, ನೀರಿಗೆ ತೊಂದರೆ ಇರಬಾರದು, ಅಷ್ಟೇ ಅವರ ಬೇಡಿಕೆ. ನೆಲಮಹಡಿಯ ಮನೆ ಒಂದು ವಾರವೂ ಖಾಲಿ ಉಳಿದಿಲ್ಲ. ಲಿಫ್ಟ್ ಇಲ್ಲದ ಎರಡನೆಯ ಮಹಡಿಯ ಮನೆ ಎಂಟು ತಿಂಗಳು ಬೀಗ ಹಾಕಿಕೊಂಡಿತ್ತು. ವಿಮಾನ ಹತ್ತುವವರು ಯಾರೂ ಇನ್ನೂ ನನ್ನ ಬಾಗಿಲು ತಟ್ಟಿಲ್ಲ.

ಭದ್ರಾವತಿಯ ಮಗಳು

ಎಲ್ಲರಿಗೂ ಕೈಮುಗಿಯುತ್ತೇನೆ. ಮೇಸ್ತ್ರಿಗಳೇ, ನೀವು ಬರೆದದ್ದನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ತುಕ್ಕಿನ ಭಾಗ ಬಂದಾಗ ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡು ತಾವೇ ಓದಿದರು. ಕಂಬಿ ಅವರಿಗೆ ಗೊತ್ತಿರುವ ವಸ್ತು. ಬಿಲ್ಡರ್‌ಗೆ ಜಿಪಿಎ ಷರತ್ತು ಹೇಳಿದೆವು, ‘ಹಾಗಾದರೆ ಆಗುವುದಿಲ್ಲ’ ಎಂದರು. ನಮ್ಮ ಉಳಿತಾಯದಲ್ಲಿ ನೆಲಮಹಡಿ ಮಾತ್ರ ಕಟ್ಟಿ, ಅರ್ಧದಲ್ಲಿ ನಾವಿದ್ದು ಅರ್ಧ ಬಾಡಿಗೆಗೆ ಕೊಡುವ ಯೋಚನೆ ಅಪ್ಪನದು. ಮುಂದೆಂದಾದರೂ ಮೇಲೆ ಕಟ್ಟಲು ಅವಕಾಶವಿರಬೇಕು ಎನ್ನುತ್ತಾರೆ. ಸುಮಾರು 12 ಚದರ, ಅಂದರೆ 1,200 ಚದರ ಅಡಿ. ಇದು ಸರಿಯೇ?

ಹೊಸಪೇಟೆ ಮೇಸ್ತ್ರಿ

ಸರಿ ತಾಯಿ, ನೂರಕ್ಕೆ ನೂರು ಸರಿ. ಕೈಯಲ್ಲಿರುವ ದುಡ್ಡಿಗೆ ಸುಣ್ಣಬಣ್ಣ, ನೀರು, ವಿದ್ಯುತ್ ಸೇರಿ ಮುಗಿಯುವಷ್ಟನ್ನೇ ಕಟ್ಟಿ. ಆದರೆ ಪಾಯ ಮತ್ತು ಪಿಲ್ಲರ್‌ಗಳನ್ನು ಎರಡು ಮಹಡಿಯ ಭಾರಕ್ಕೆ ಎಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿ. ಆ ಖರ್ಚನ್ನು ಆಮೇಲೆ ಮಾಡಲು ಬರುವುದಿಲ್ಲ. ಮೆಟ್ಟಿಲನ್ನು ಹೊರಗಿನಿಂದ ಕೊಡಿ, ಮೇಲಿನ ಮನೆಗೆ ಬೇರೆ ದಾರಿ ಸಿಗುತ್ತದೆ.

ಮೋಲ್ಡ್ ಮೇಲೆ ಪಿಲ್ಲರ್ ಕಂಬಿಯನ್ನು ಬಿಟ್ಟರೆ ಬರಿದಾಗಿ ಬಿಡಬೇಡಿ, ನಿಮ್ಮ ಮಲೆನಾಡಿನ ಮಳೆಗೆ ಅದು ನಿಲ್ಲುವುದಿಲ್ಲ. ತಂತಿಯ ಬ್ರಷ್‌ನಿಂದ ಉಜ್ಜಿ, ಸಿಮೆಂಟ್ ಹಾಲು ಬಳಿಸಿ, ಸುತ್ತಲೂ ತೆಳು ಕಾಂಕ್ರೀಟ್ ಮುಚ್ಚಿಸಿ. ಮೇಲೆ ಕಟ್ಟುವ ದಿನ ಅದನ್ನು ಒಡೆದರೆ ಒಳಗೆ ಕಂಬಿ ಇಟ್ಟ ಹಾಗೆಯೇ ಇರುತ್ತದೆ. ಪಾಯ ತೆಗೆಯುವ ಮೊದಲು ಆ ತೆಂಗಿನ ಮರಗಳು ಯಾವ ಮೂಲೆಯಲ್ಲಿವೆ ಎಂದು ತಿಳಿಸಿ, ಉಳಿಸಿಕೊಳ್ಳಲು ಸಾಧ್ಯವೇ ನೋಡೋಣ.